ಮಾವನ ಗಾಲಿ ಮನೆ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನಾನು ಖಂಡಿತ ಒಪ್ಪುವುದಿಲ್ಲ. ಕೆಡಬೇಕಾದರೆ ಅದು ಮೊದಲು ನೆಟ್ಟಗಿರಬೇಕಲ್ಲ! ನನಗೆ ಬುದ್ಧಿ ತಿಳಿದಾಗಿನಿಂದ ಅದು ಇರುವುದೇ ಹೀಗೆ. ಚನ್ನಪಟ್ಟಣದಲ್ಲಿ ಅವನದೊಂದು ಬೊಂಬೆ ಅಂಗಡಿ, ಅಂಗಡಿಯ ಹಿಂದೆ ಮರ ಕಡೆಯುವ ಲೇತು. ಆನೆಗೆ ಗಾಲಿ, ಕುದುರೆಗೆ ಗಾಲಿ, ಬಾತುಕೋಳಿಗೂ ಗಾಲಿ. ಜೀವಮಾನವೆಲ್ಲ ಇದೇ ಕೆಲಸ ಮಾಡಿ ಮಾಡಿ, ಗಾಲಿಯಿಲ್ಲದ ವಸ್ತು ಕಂಡರೆ ಅವನ ಕೈ ತುರಿಸುತ್ತದೆ. ಒಂದು ಸಲ ಮನೆಯ ತುಳಸಿಕಟ್ಟೆಗೂ ಗಾಲಿ ಹಾಕಿದ. ಬಿಸಿಲು ಇರುವ ಕಡೆಗೆ ತಳ್ಳಿಕೊಂಡು ಹೋಗಬಹುದಂತೆ! ಮಾರನೆಯ ಬೆಳಿಗ್ಗೆ ಅತ್ತೆ ಪ್ರದಕ್ಷಿಣೆ ಹಾಕಲು ಕಟ್ಟೆಯನ್ನು ಮುಟ್ಟಿದಳೋ ಇಲ್ಲವೋ, ತುಳಸಮ್ಮನೂ ಅವಳ ಜೊತೆಗೆ ಹೊರಟೇಬಿಟ್ಟಳು. ಬಚ್ಚಲಿನ ಗೋಡೆ ಅಡ್ಡ ಬಂದದ್ದರಿಂದ ಇಬ್ಬರೂ ಉಳಿದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮಾವ ಎರಡನ್ನೂ ಮಾಡಿ ನೋಡಿ ಮುಗಿಸಿದ್ದ. ಇನ್ನು ಉಳಿದದ್ದು ಮನೆಗೆ ಗಾಲಿ ಹಾಕಿ ನೋಡುವುದು.

ಆಗ ಚೀನಾದ ಪ್ಲಾಸ್ಟಿಕ್ ಬೊಂಬೆಗಳು ಊರೂರ ಸಂತೆಗೂ ಬಂದು ಕೂತಿದ್ದವು. ಹೆದ್ದಾರಿ ಅಗಲವಾಗುತ್ತಿತ್ತು. ಬಿಡದಿಯಿಂದ ಈಚೆಗೆ ಹೊಲಗಳು ಒಂದೊಂದಾಗಿ ಕಾಂಪೌಂಡು ಸುತ್ತಿಕೊಂಡು ಕಾರ್ಖಾನೆಗಳಾಗುತ್ತಿದ್ದವು. ಅಂಥ ಒಂದು ದಿನ ಬೊಂಬೆ ಕೊಳ್ಳಲು ಬಂದ ಬಿಳಿಯನೊಬ್ಬ ಮಾವನಿಗೆ ತನ್ನದೊಂದು ಫೋಟೋ ತೋರಿಸಿಬಿಟ್ಟ. ಒಂದು ಕೆರೆ, ಕೆರೆಯ ದಂಡೆಯಲ್ಲಿ ಒಳಗೇ ಅಡುಗೆಮನೆ ಮಂಚ ಎಲ್ಲ ಇರುವ ಒಂದು ವ್ಯಾನು, ಅದರ ಮುಂದೆ ಮಡಿಚುವ ಕುರ್ಚಿಯ ಮೇಲೆ ಈ ಪುಣ್ಯಾತ್ಮ. ಸುತ್ತ ಒಂದು ನರಪಿಳ್ಳೆಯೂ ಇಲ್ಲ.

‘ಆ ದೇಸ್ದಲ್ಲಿ ಜನ ಕಾಸು ಕೊಟ್ಟು ಕೆರೆ ದಡದಲ್ಲಿ ಮಲಗ್ತರಂತೆ ಕಣಕ್ಕ!’ ಎಂದು ಮಾವ ನಮ್ಮಮ್ಮನ ಹತ್ತಿರ ಬಂದು ಕುಣಿದಾಡಿದ.

‘ನಮ್ ದೇಸ್ದಲ್ಲಿ ಮನೆ ಇಲ್ದೋರು ಪುಕ್ಸಟ್ಟೆ ಮಲಗ್ತಾರೆ. ನಿಂಗೇನ್ಲಾ ಬಂದಿರೋದು ರೋಗ?’ ಅಂದರು ಅಮ್ಮ.

ರೋಗ ಬಂದಾಗಿತ್ತು. ವಾರದೊಳಗೆ ಒಂದು ಮುದಿ ಮೆಟಡಾರ್ ವ್ಯಾನು ಅಂಗಡಿಯ ಮುಂದೆ ಬಂದು ನಿಂತು ಕೆಮ್ಮಿತು. ಅದು ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತು ಹೊತ್ತು ನಿವೃತ್ತಿಯಾದ ವ್ಯಾನು. ಹುಳ ಸತ್ತ ವಾಸನೆ ಅದರ ತಗಡಿನ ಒಳಗೇ ಸೇರಿಕೊಂಡಿತ್ತು. ಮಾವ ಒಳಗೆಲ್ಲ ಮರದ ಹಲಗೆ ಹೊಡೆದು, ಬೊಂಬೆಗೆ ಹಾಕುವ ಅರಗಿನ ಬಣ್ಣ ಬಳಿದ. ಹೊರಗೂ ಹಳದಿ, ಕೆಂಪು, ಹಸಿರು ಪಟ್ಟೆ ಎಳೆದ. ಇಡೀ ವ್ಯಾನು ಯಾವುದೋ ರಾಕ್ಷಸನ ಮಗು ಆಡಿ ಬಿಸಾಡಿದ ಬೊಂಬೆಯ ಹಾಗೆ ಕಾಣತೊಡಗಿತು. ವಾಸನೆ ಮಾತ್ರ ಹೋಗಲಿಲ್ಲ. ಅರಗಿನ ಜೊತೆ ಸೇರಿ ಸಂಸಾರ ಹೂಡಿತು.

ಒಳಗೆ ಏನಿತ್ತು, ಏನಿರಲಿಲ್ಲ! ಗ್ಯಾಸ್ ಒಲೆ, ದೇವರ ಗೂಡು, ಗಂಧದ ಕೊರಡಿಗೆ ಬೇರೆ ಗೂಡು, ಮಡಿಚುವ ಮಂಚ, ಎದುರುಬದುರಾಗಿ ಕೂರಲು ಎರಡು ಪುಟ್ಟ ಮಣೆ. ಎರಡೇ! ‘ಮಾವ, ನೀನೆಲ್ಲಿ ಕೂರ್ತೀಯ?’ ಅಂತ ಕೇಳಿದೆ. ‘ನಾನು ಹೊರ್ಗೆ’ ಅಂದ. ಮನೆ ಕಟ್ಟಿದವನೇ ಹೊರಗೆ ಕೂರುವ ಮನೆ ಪ್ರಪಂಚದಲ್ಲಿ ಇನ್ನೆಲ್ಲಾದರೂ ಇದೆಯೇ?

ಅದೂ ಹೋಗಲಿ. ಆ ಮನೆಗೆ ಹೊಸಿಲೇ ಇರಲಿಲ್ಲ! ಬೆಂಕಿಪೊಟ್ಟಣದಷ್ಟು ದೇವರ ಗೂಡಿಗೂ ನವಿಲು ಕೆತ್ತಿದ ಈ ಮಹಾಶಯನಿಗೆ ಬಾಗಿಲಿಗೊಂದು ಹೊಸಿಲಿಡಲು ಮರ ಸಾಲಲಿಲ್ಲವೇ? ಅತ್ತೆ ಬೇಡಿದಳು, ಬೈದಳು, ಒಂದು ಹೊತ್ತು ಊಟ ಬಿಟ್ಟಳು.

‘ಹೊಸ್ಲಿಲ್ದೆ ಇದ್ರೆ ಅರಿಸಿನ ಎಲ್ಲಿಗ್ ಬಳೀಲಿ ನಾನು?’

‘ನಿನ್ ಕೆನ್ನೆಗ್ ಬಳ್ಕೊ. ಒಸಿ ಕಳೆ ಬತ್ತದೆ.’

‘ದನದ ಕೊಟ್ಟಿಗೆಗೂ ಹೊಸ್ಲು ಇರ್ತದೆ!’

‘ಅದ್ಕೇ ದನ ಎಡವೋದು’ ಅಂದ ಮಾವ. ಈ ಮಾತಿಗೆ ಇವತ್ತಿಗೂ ಅರ್ಥ ಹುಡುಕುತ್ತಿದ್ದೇನೆ.

ಪೂಜೆಯ ದಿನ ಪುರೋಹಿತರು ಬಂದು ವ್ಯಾನಿನ ಸುತ್ತ ಒಂದು ಸುತ್ತು ಹಾಕಿ ಬೆವರು ಒರೆಸಿಕೊಂಡರು. ‘ಇದು ಗೃಹಪ್ರವೇಶವೋ ವಾಹನಪೂಜೆಯೋ?’

‘ಎರಡೂ ಒಟ್ಗೆ ಮಾಡ್ಬುಡಿ ಸ್ವಾಮಿ.’

‘ಬಾಗಿಲು ಯಾವ ದಿಕ್ಕಿಗೆ?’

‘ನೀವ್ ಯೋಳಿ, ಆ ದಿಕ್ಕಿಗೆ ತಿರುಗಿಸ್ತೀನಿ!’

ವಾಸ್ತುಶಾಸ್ತ್ರ ಬರೆದವರಿಗೆ ಇಂಥ ಯಜಮಾನ ಸಿಕ್ಕಿರಲಾರ. ಕೊನೆಗೆ ಒಳಗೆ ಒಲೆಯ ಮೇಲೆ ಹಾಲು, ಹೊರಗೆ ಚಕ್ರದ ಕೆಳಗೆ ನಿಂಬೆಹಣ್ಣು ಎಂದು ತೀರ್ಮಾನವಾಯಿತು. ಮಂತ್ರ ಮುಗಿದದ್ದೇ ತಡ, ಮಾವ ಉತ್ಸಾಹದಲ್ಲಿ ಗೇರು ಹಾಕಿ ಒಂದು ಜಗ್ಗು ಜಗ್ಗಿದ. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಒಳಗಿನಿಂದ ಅತ್ತೆಯ ಕೂಗು ಕೇಳಿತು. ಪಾತ್ರೆಯ ಹಾಲಷ್ಟೂ ಅವಳ ಹೊಸ ಸೀರೆಯ ಮೇಲಿತ್ತು. ‘ಹಾಲು ಉಕ್ತು ಕಣಮ್ಮಿ, ಸುಭ!’ ಎಂದು ಮಾವ ಮುಂದಿನ ಸೀಟಿನಿಂದಲೇ ಚಪ್ಪಾಳೆ ತಟ್ಟಿದ.

ನಾನು ಸ್ಕೂಲ್ ಮೇಡಮ್ಮು. ದಸರಾ ರಜೆಯಲ್ಲಿ ಕೈಗೆ ಸಿಕ್ಕುವವಳು ನಾನೊಬ್ಬಳೇ. ಹಾಗಾಗಿ ಮೊದಲ ಪ್ರಯಾಣಕ್ಕೆ ನನ್ನನ್ನೂ ಎತ್ತಿ ಹಾಕಿಕೊಂಡ. ಎಲ್ಲಿಗೆ ಎಂದರೆ ಬಾಯಿ ಬಿಡಲಿಲ್ಲ. ‘ಸಾಂತಿ ಇರೋ ಜಾಗ’ ಅಂತಷ್ಟೇ ಅಂದ. ವ್ಯಾನು ಹೊಂಗನೂರಿನ ದಾರಿ ಹಿಡಿದು, ಎಡಕ್ಕೆ ಹೊರಳಿ, ಒಂದು ಕೆರೆಯ ಏರಿಯ ಪಕ್ಕ ಹೊಂಗೆ ಮರದ ನೆರಳಲ್ಲಿ ನಿಂತಿತು. ನೀರು, ಕೊಕ್ಕರೆ, ತಂಪು ಗಾಳಿ. ನಿಜಕ್ಕೂ ಚೆನ್ನಾಗಿತ್ತು! ಆಚೆ ದಡದಲ್ಲಿ ಮಾತ್ರ ಒಂದು ಕಾರ್ಖಾನೆ ನೀಲಿ ತಗಡಿನ ಚಾವಣಿ ಹೊದ್ದು ಗುಂಯ್ ಅನ್ನುತ್ತಿತ್ತು.

ಅತ್ತೆ ಕಿಟಕಿಯಲ್ಲಿ ಇಣುಕಿದವಳು ಹಾಗೇ ಹಿಂದಕ್ಕೆ ಸರಿದಳು. ‘ಇದು ನಮ್ಮೂರ್ ಕೆರೆ ಅಲ್ವಾ?’

‘ಕೆರೆಗಳೆಲ್ಲ ನೋಡಕ್ಕೆ ಒಂದೇ ತರ ಇರ್ತವೆ’ ಅಂದ ಮಾವ, ಮುಖ ಆ ಕಡೆ ಮಾಡಿಕೊಂಡು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ನೀಲಿ ಚಾವಣಿಯ ಜಾಗ ಅತ್ತೆಯ ತವರಿನ ರಾಗಿ ಹೊಲ. ಅದರ ಮೂಲೆಯಲ್ಲಿ ಅವಳ ಅವ್ವನನ್ನು ಮಣ್ಣು ಮಾಡಿದ ಗುಡ್ಡೆ ಇತ್ತು. ಅತ್ತೆಯ ಅಣ್ಣ ಹೊಲವನ್ನು ಕಾರ್ಖಾನೆಗೆ ಮಾರಿದ. ‘ಅವ್ವನ್ನೂ ಸೇರ್ಸಿ ಮಾರ್ಬುಟ್ಟೆ’ ಎಂದು ತಂಗಿ ಬೀದಿಯಲ್ಲಿ ನಿಂತು ಅಂದಳು. ‘ಸಾಯೋಗಂಟ ನಿನ್ ಮನೆ ಹೊಸ್ಲು ಮೆಟ್ಟಕ್ಕಿಲ್ಲ’ ಎಂದು ಅಣ್ಣ ಅವ್ವನ ಮೇಲೇ ಆಣೆ ಹಾಕಿದ. ‘ನಿನ್ ಹೊಸ್ಲು ನಾನೂ ಮೆಟ್ಟಕ್ಕಿಲ್ಲ’ ಎಂದು ಇವಳೂ ಹಾಕಿದಳು. ಅಲ್ಲಿಂದೀಚೆಗೆ ಗೌರಿಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಪ್ರತಿ ಗೌರಿಹಬ್ಬದ ದಿನ ಅತ್ತೆ ಈರುಳ್ಳಿ ಹೆಚ್ಚುತ್ತಾ ಕೂರುತ್ತಿದ್ದಳು. ಹಬ್ಬದ ಅಡುಗೆಗೆ ಈರುಳ್ಳಿ ಯಾಕೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಈಗ ಅವಳು ಕಿಟಕಿಗೆ ಬೆನ್ನು ಹಾಕಿ ಮಣೆಯ ಮೇಲೆ ಕೂತವಳು ಇಳಿಯಲೇ ಇಲ್ಲ. ಮಾವ ಏನೂ ಆಗದವನಂತೆ ಕುರ್ಚಿ ಬಿಡಿಸಿ ಕೆರೆಗೆ ಮುಖ ಮಾಡಿ ಕೂತ. ಫೋಟೋದ ಬಿಳಿಯನ ಸುತ್ತ ಯಾರೂ ಇರಲಿಲ್ಲ, ಸರಿ. ಇದು ನಮ್ಮ ದೇಶ! ಗಳಿಗೆಯೊಳಗೆ ಅರ್ಧ ಊರು ಸೇರಿತು.

‘ಇದು ಮಕ್ಳಾಗ್ದಂಗ್ ಮಾಡೋ ಆಪ್ರೇಸನ್ ವ್ಯಾನಾ?’ ಎಂದು ಒಬ್ಬ ಅಜ್ಜಿ ಕೇಳಿದ್ದೇ ತಡ, ಮುಂದಿದ್ದ ಗಂಡಸರೆಲ್ಲ ಎರಡು ಹೆಜ್ಜೆ ಹಿಂದಕ್ಕೆ ಹೋದರು.

ಬೀಡಿ ಕಚ್ಚಿದ್ದ ಒಬ್ಬ ಮಾತ್ರ ಮುಂದೆ ಬಂದ. ‘ಸರ್ವೆಯೋರಾ? ಹೊಲ ಆಯ್ತು, ಈಗ ಕೆರೇನೂ ಅಳೆಯಕ್ ಬಂದ್ರಾ?’

‘ಇಲ್ಲ ಕಣಪ್ಪ, ಸಾಂತಿ ಹುಡ್ಕೊಂಡ್ ಬಂದಿವ್ನಿ.’

‘ಯಾವ್ ಸಾಂತಿ? ಹಾಲಿನ್ ಡೇರಿ ಸಾಂತಿನಾ? ಅವ್ಳು ಗಂಡನ್ ಮನೆಗೋದ್ಲಲ್ಲ!’

ನಾನು ನಕ್ಕು ಸುಸ್ತಾಗುವಷ್ಟರಲ್ಲಿ ಏರಿಯ ಮೇಲಿನಿಂದ ಸೀಟಿ ಕೇಳಿಸಿತು. ಕಾರ್ಖಾನೆಯ ಗೇಟು ಕಾಯುವ ನೀಲಿ ಯೂನಿಫಾರಂ ತೊಟ್ಟ ಒಬ್ಬ ಮುದುಕ ಲಾಠಿ ಬೀಸುತ್ತಾ ಇಳಿದು ಬಂದ. ಷರಟು ಅವನಿಗಿಂತ ಎರಡು ಸುತ್ತು ದೊಡ್ಡದಿತ್ತು. ‘ಯಾರ್ರೀ ಅದು? ಗಾಡಿ ತೆಗೀರಿ! ಕಂಪ್ನಿ ಸಾಹೇಬ್ರು ಕೇಳ್ತಾವ್ರೆ!’ ಎಂದವನು ಮಾವನ ಮುಖ ಕಂಡು ಅಲ್ಲೇ ನಿಂತ. ಅವನೇ ಅತ್ತೆಯ ಅಣ್ಣ. ತನ್ನದೇ ಹೊಲಕ್ಕೆ ಕಾವಲುಗಾರ!

‘ಬಾ ಭಾವ, ಕಾಫಿ ಕುಡಿ’ ಅಂದ ಮಾವ, ದಿನಾ ನೋಡುವವನ ಹಾಗೆ.

ಭಾವ ವ್ಯಾನಿನತ್ತ ನೋಡಿದ. ಒಳಗೆ ಕಿಟಕಿಗೆ ಅಂಟಿದ ತಂಗಿಯ ಬೆನ್ನು ಕಾಣುತ್ತಿತ್ತು. ‘ನಿಮ್ ಮನೆ ಹೊಸ್ಲು ಮೆಟ್ಟಕ್ಕಿಲ್ಲ ಅಂತ ಅವ್ವನ್ ಮೇಲ್ ಆಣೆ ಮಾಡಿವ್ನಿ. ನಿಂಗ್ ಗೊತ್ತಿಲ್ವಾ?’

‘ಮೆಟ್ಬೇಡ. ಯಾರ್ ಮೆಟ್ಟು ಅಂದ್ರು?’ ಮಾವ ಕುರ್ಚಿಯಿಂದ ಏಳಲೂ ಇಲ್ಲ. ‘ಹೊಸ್ಲು ಎಲ್ಲೈತೆ, ಹುಡುಕ್ ನೋಡು.’

ಆ ಮುದುಕ ಬಗ್ಗಿ ನೋಡಿದ. ಬಾಗಿಲಿನ ಬುಡದಲ್ಲಿ ಲಾಠಿಯ ತುದಿಯಿಂದ ಈ ಕೊನೆಯಿಂದ ಆ ಕೊನೆಗೆ ಸವರಿ ನೋಡಿದ. ಹಲಗೆ ನುಣ್ಣಗೆ ಸಾಗಿಹೋಗಿತ್ತು. ನೆರೆದ ಜನರೂ ಕತ್ತು ಚಾಚಿ ನೋಡಿದರು. ‘ಇಲ್ಲ ಕಣ್ಲಾ, ಹೊಸ್ಲೇ ಇಲ್ಲ!’ ಎಂದು ಬೀಡಿಯವನು ಊರಿಗೆಲ್ಲ ಕೇಳುವಂತೆ ಸಾರಿದ.

ಒಳಗಿನಿಂದ ಅತ್ತೆಯ ದನಿ ಬಂತು. ಅವಳು ಇನ್ನೂ ತಿರುಗಿರಲಿಲ್ಲ. ‘ಕಾಲ್ ತೊಳ್ಕೊಂಡ್ ಬರಕ್ಕೇಳಿ. ಮರ ಹೊಸಾದು.’

ಅವನು ಕೆರೆಗಿಳಿದು ಕಾಲು ತೊಳೆದು ಬಂದು, ಲಾಠಿಯನ್ನು ಚಕ್ರಕ್ಕೆ ಒರಗಿಸಿ ಮೇಲೆ ಹತ್ತಿದ. ಮಣೆಗಳು ಎದುರುಬದುರಾಗಿದ್ದವಲ್ಲ! ಕೂತರೆ ಮುಖ ನೋಡದೆ ಬೇರೆ ದಾರಿಯಿರಲಿಲ್ಲ. ಆಮೇಲೆ ಅಣ್ಣನ ದನಿ ಬಂತು. ‘ಅವ್ವನ್ ಗುಡ್ಡೆ ಎಲ್ಗೂ ಹೋಗಿಲ್ಲ ಕಣವ್ವ. ಅವ್ರ ಜನರೇಟ್ರು ಪಕ್ಕದಲ್ಲೇ ಐತೆ. ಹೊರಗಿನೋರ್ನ ಒಳೀಕ್ ಬುಡಕ್ಕಿಲ್ಲ. ಈ ವಯಸ್ನಾಗೆ ಈ ಷರಟು ಯಾಕ್ ಹಾಕ್ಕೊಂಡೆ ಅನ್ಕೊಂಡಿದ್ದೀಯ? ಒಂದು ಹೂವ ಮಡಗಕ್ಕೆ ಕಣವ್ವ.’

ಪಾತ್ರೆ ಉರುಳಿದ ಸದ್ದಾಯಿತು. ಅತ್ತೆ ಅತ್ತದ್ದನ್ನು ನಾನು ಈರುಳ್ಳಿಯಿಲ್ಲದೆ ಕೇಳಿದ್ದು ಅವತ್ತೇ ಮೊದಲು. ನನಗೂ ತಡೆಯಲಾಗಲಿಲ್ಲ. ಒಳಗೆ ಹೋಗಿ ಅವಳ ಬೆನ್ನು ಸವರೋಣ ಎಂದು ಎದ್ದೆ. ಮಾವ ನನ್ನ ಸೆರಗು ಹಿಡಿದು ಜಗ್ಗಿದ.

‘ಎಲ್ಗೆ ಮಗಾ? ಅಲ್ಲಿ ಇಬ್ರಿಗೇ ಜಾಗ ಇರೋದು.’

ಒಳಗೆ ಅಣ್ಣ ತಂಗಿ ಇಬ್ಬರೂ ಊರೇ ಕೇಳುವಂತೆ ಅಳುತ್ತಿದ್ದರು. ಮಾವ ಕುರ್ಚಿಯನ್ನು ಕೆರೆಯ ಕಡೆಗೆ ಇನ್ನಷ್ಟು ತಿರುಗಿಸಿಕೊಂಡು ಕಾಲು ಚಾಚಿದ.

‘ಈಗ ಸಿಕ್ತು ನೋಡು ಸಾಂತಿ’ ಅಂದ.