ಭಾವನ ಬಾಯಿಯ ಕಿಲುಬು

ಇಡೀ ಸಿಯಾಟಲ್ ಸೀಮೆಯಲ್ಲಿ ವ್ಯಾಕ್ಸೀನನ್ನು ರುಚಿಗೋಸ್ಕರ ಹಾಕಿಸಿಕೊಳ್ಳುವವರು ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ. ನಗಬೇಡಿ. ಸೂಜಿ ಚುಚ್ಚುವುದು ತೋಳಿಗೆ, ನಾಲಿಗೆಗಲ್ಲ ಎನ್ನುವುದು ಕಾನ್ವೆಂಟಿನಲ್ಲಿ ಓದಿದ ನನಗೇ ಗೊತ್ತಿರುವಾಗ, ಮೈಸೂರಿನಲ್ಲಿ ಆಯುಷ್ಯವಿಡೀ ಕೆಮಿಸ್ಟ್ರಿ ಪಾಠ ಮಾಡಿದವರಿಗೆ ಗೊತ್ತಿಲ್ಲವೇ?

ಈ ಸಲ ಚಳಿಗೆ ಮುಂಚೆ ರೆಡ್ಮಂಡಿನ ಫಾರ್ಮಸಿಯೊಂದರಲ್ಲಿ ಇಬ್ಬರೂ ಕೋವಿಡ್ ಬೂಸ್ಟರ್ ಹಾಕಿಸಿಕೊಂಡೆವು. ನನಗೆ ತೋಳು ನೋವು, ಅಷ್ಟೇ. ಭಾವ ಸಂಜೆ ಊಟಕ್ಕೆ ಕೂತವರು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಸುಧಾ, ಸಾರು ಕಿಲುಬಿದೆ."

ಸುಧಾ ಅವರ ಮಗಳು, ಅಂದರೆ ತೀರಿಕೊಂಡ ನನ್ನ ಅಕ್ಕನ ಮಗಳು. ಮನೆ ಅವಳದು, ಮದುವೆಯ ಗೋಜಿಗೆ ಹೋಗದ ನನಗೂ ಅಲ್ಲೇ ಒಂದು ರೂಮು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಸಾರು ಕಿಲುಬುವುದುಂಟು, ನಿಜ. ಆದರೆ ಈ ಮನೆಯಲ್ಲಿ ಹಿತ್ತಾಳೆ ಎಂದರೆ ದೇವರ ಗಂಟೆ ಒಂದೇ!

"ಸ್ಟೀಲ್ ಪಾತ್ರೇಲಿ ಮಾಡಿದ್ದು ಅಪ್ಪ. ಹೇಗೆ ಕಿಲುಬತ್ತೆ?"

"ಅದೇ ನಂಗೂ ಆಶ್ಚರ್ಯ. ಇನ್ನೊಂದು ಸೌಟು ಹಾಕು."

ಸುಧಾ ಗಾಬರಿಯಾಗಿ ಆಸ್ಪತ್ರೆಯ ನರ್ಸ್ ಲೈನಿಗೆ ಕಾಲ್ ಮಾಡಿದಳು. ವ್ಯಾಕ್ಸೀನ್ ಆದಮೇಲೆ ಕೆಲವರಿಗೆ ಬಾಯಲ್ಲಿ ಲೋಹದ ರುಚಿ ಬರುವುದುಂಟಂತೆ, ನಾಲ್ಕು ದಿನದಲ್ಲಿ ತಾನಾಗಿ ಹೋಗುತ್ತದಂತೆ. ಅವಳಿಗೆ ಜೀವ ಬಂತು. ಭಾವನ ಮುಖ ಬಿಳಿಚಿಕೊಂಡಿತು.

"ಹೋಗೇಬಿಡತ್ತಾ?"

ಮರುದಿನದಿಂದ ಕಿಲುಬಿನ ಸಂರಕ್ಷಣಾ ಕಾರ್ಯ ಶುರು. ಹಲ್ಲುಜ್ಜುವುದು ಬಂದ್, ಪೇಸ್ಟಿನ ಮಿಂಟು ಆ ರುಚಿಯನ್ನು ತೊಳೆದುಬಿಡುತ್ತದಂತೆ. ಕಾಫಿಯೂ ಬಂದ್. ಮೊಮ್ಮಗಳು ಮೂಗು ಹಿಡಿದುಕೊಂಡು "ತಾತಾ, ದಟ್ಸ್ ಸೋ ಗ್ರಾಸ್" ಎಂದಳು. ಎಂದೋ ಮುಗಿದಿದ್ದ ಸೋಷಿಯಲ್ ಡಿಸ್ಟೆನ್ಸಿಂಗ್ ನಮ್ಮ ಡೈನಿಂಗ್ ಟೇಬಲ್ಲಿನಲ್ಲಿ ಮತ್ತೆ ಜಾರಿಗೆ ಬಂತು.

ಅಷ್ಟರಲ್ಲಿ ಭಾವನ ಫೋನಿಗೆ ಒಂದು ಫಾರಮ್ಮು ಬಂತು: ವ್ಯಾಕ್ಸೀನಿನಿಂದ ಏನಾದರೂ ತೊಂದರೆ ಆಯಿತೇ? ತುಂಬುವ ಕೆಲಸ ನನ್ನ ಪಾಲಿಗೆ.

"ಮೈಲ್ಡ್, ಮಾಡರೇಟ್, ಸಿವಿಯರ್. ಯಾವುದು ಭಾವ?"

"ಸೊಗಸಾಗಿದೆ ಅಂತ ಹಾಕು."

"ಇದು ಸೈಡ್ ಎಫೆಕ್ಟಿನ ಪಟ್ಟಿ, ಹೋಟೆಲ್ ಮೆನು ಅಲ್ಲ."

ನಾಲ್ಕನೆಯ ದಿನ ರುಚಿ ತೆಳುವಾಗತೊಡಗಿತು. ಭಾವ ಕೋಟು ಹಾಕಿಕೊಂಡು ನನ್ನನ್ನೂ ಫಾರ್ಮಸಿಗೆ ಹೊರಡಿಸಿದರು. ಕೌಂಟರಿನಲ್ಲಿ ನಮ್ಮ ಕಡೆಯದೇ ಹುಡುಗಿ, ಅರ್ಧಂಬರ್ಧ ಕನ್ನಡ ಬಲ್ಲ ತೆಲುಗಿನವಳು.

"ಐ ವಾಂಟ್ ಒನ್ ಮೋರ್," ಎಂದರು ಭಾವ, ಕೋಟಿನ ತೋಳು ಮಡಚುತ್ತ.

"ಮೊನ್ನೆಯಷ್ಟೇ ಆಯ್ತಲ್ಲ ಅಂಕಲ್. ವಾಟ್ ಈಸ್ ದ ಪ್ರಾಬ್ಲಮ್?"

"ಸೈಡ್ ಎಫೆಕ್ಟ್ ಈಸ್ ಗೋಯಿಂಗ್."

"ದಟ್ಸ್ ಗುಡ್ ಅಂಕಲ್! ನೆಕ್ಸ್ಟ್ ಇಯರ್ ಬನ್ನಿ."

ಬಸ್ ಸ್ಟಾಪಿನ ಬೆಂಚಿನ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

"ಕೊನೇ ಎರಡು ವರ್ಷ ನಿಮ್ಮಕ್ಕ ಆ ಹಳೇ ಹಿತ್ತಾಳೆ ಪಾತ್ರೇಲೇ ಸಾರು ಮಾಡ್ತಿದ್ಲು. ಕಲಾಯಿ ಪೂರ್ತಿ ಹೋಗಿತ್ತು. ಕಾಯಿಲೇಲಿ ಅವಳ ನಾಲಿಗೆಗೆ ರುಚಿ ತಿಳೀತಿರಲಿಲ್ಲ."

"ಕೆಮಿಸ್ಟ್ರಿ ಮೇಷ್ಟ್ರಾಗಿ ನೀವು ಹೇಳಬಾರದಿತ್ತಾ?"

"ಹೇಳಿದ್ರೆ ಅವಳು ಮತ್ತೆ ಅಡಿಗೆಮನೆಗೇ ಬರ್ತಿರಲಿಲ್ಲ ಕಣೇ. ಹೇಗಿದೆ ಅಂತ ಬಾಗಿಲಲ್ಲಿ ನಿಂತು ಕೇಳೋಳು. ಇನ್ನೊಂದು ಸೌಟು ಹಾಕು ಅಂತಿದ್ದೆ."

ಬಸ್ಸು ಬಂತು, ನಾವು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಬಂದೆವು.

ಆ ಸಂಜೆ ಸಾರು ನಾನೇ ಮಾಡಿದೆ. ಭಾವ ಒಂದು ತುತ್ತು ಬಾಯಿಗಿಟ್ಟು, ಸ್ವಲ್ಪ ಹೊತ್ತು ಕಾದು, ತುಂಬಾ ಚೆನ್ನಾಗಿದೆ ಎಂದರು. ಇನ್ನೊಂದು ಸೌಟು ಕೇಳಲಿಲ್ಲ.