ಏನಾದ್ರೂ ನಡೀತದ ಅಂದರೆ ವೈನಿಗೆ ನಡೆಯುವುದಿಲ್ಲ

ನಮ್ಮ ವೈನಿ ಮನೆಗೆ ಬಂದವರಿಗೆ ಚಹಾ ಕೊಡುವುದಿಲ್ಲ ಎಂದು ನೆಂಟರಲ್ಲಿ ಸುದ್ದಿ ಹಬ್ಬಿದೆ. ಶುದ್ಧ ಸುಳ್ಳು! ಕೊಡುತ್ತಾರೆ, ಏಲಕ್ಕಿ ಹಾಕಿಯೇ ಕೊಡುತ್ತಾರೆ. ಆದರೆ ಬಂದವರು ಬಾಯಿಬಿಟ್ಟು ‘ಚಹಾ’ ಎನ್ನಬೇಕು. ‘ಏನಾದ್ರೂ ನಡೀತದ’ ಎಂದಿರೋ, ಕೆಟ್ಟಿರಿ!

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಕಲಬುರಗಿಯ ನಮ್ಮ ಮನೆಯಲ್ಲಿ ಅಣ್ಣ, ವೈನಿ, ಅವ್ವ, ನಾನು ಇಷ್ಟೇ ಜನ. ಈ ಹುಚ್ಚು ವೈನಿಗೆ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಅಂಟಿಕೊಂಡದ್ದು. ಊರಿನ ರೋಜಾ ಬಡಾವಣೆಯ ಹತ್ತಿರ ಒಂದು ಪುಟ್ಟ ಆಫೀಸಿನಲ್ಲಿ ಅವರು ವೆಬ್‌ಸೈಟು ಕಟ್ಟುತ್ತಾರೆ. ಪರದೆಯ ಮೇಲೆ ಕಾಣುವುದನ್ನೆಲ್ಲ ತುಂಡು ತುಂಡಾಗಿ ಬರೆದು ಜೋಡಿಸುತ್ತಾರಂತೆ. ಒತ್ತುವ ಬಟನ್ನು ಒಂದು ತುಂಡು, ಹೆಸರು ತುಂಬುವ ಚೌಕ ಇನ್ನೊಂದು. ಇವಕ್ಕೆ ಕಾಂಪೊನೆಂಟ್ ಎನ್ನುತ್ತಾರೆ. ಹಿಂದೆ ಯಾರೋ ಅವಸರದಲ್ಲಿ ಬರೆದು ಹೋದ ಇಂಥ ತುಂಡುಗಳಿಗೆಲ್ಲ ವೈನಿ ಈಗ ‘ಟೈಪ್’ ಹಚ್ಚುತ್ತಿದ್ದಾರೆ. ಅಂದರೆ ಈ ತುಂಡಿಗೆ ಬರುವುದು ಅಂಕಿಯೋ, ಅಕ್ಷರವೋ, ಬಂದೇ ಬರುತ್ತದೋ, ಬರದೆಯೂ ಇರಬಹುದೋ ಎಂದು ಮೊದಲೇ ಬರೆದಿಡುವುದು. ಆಮೇಲೆ ಬೇರೇನಾದರೂ ಕೊಡಲು ಹೋದರೆ ಬರೆಯುವಾಗಲೇ ಕೆಂಪು ಗೆರೆ ಬೀಳುತ್ತದೆ.

ಇಷ್ಟು ಕಾಟ ಯಾಕೆ? ನಾನೂ ಕೇಳಿದ್ದೆ. ಆಗ ವೈನಿ ಕಪನೂರಿನ ಒಂದು ಬೇಳೆ ಮಿಲ್ಲಿನ ಕಥೆ ಹೇಳಿದರು. ಅದರ ವೆಬ್‌ಸೈಟಿನಲ್ಲಿ ಯಾರೋ ಹತ್ತು ಚೀಲ ತೊಗರಿಬೇಳೆ ಬೇಕೆಂದು ಒತ್ತಿದರು, ಆಮೇಲೆ ಇನ್ನೂ ಐದು ಸೇರಿಸಿದರು. ಹಳೆಯ ವೆಬ್‌ಸೈಟು ಎರಡನ್ನೂ ಅಂಕಿ ಎಂದು ತಿಳಿಯದೆ, ಅಕ್ಷರಗಳಂತೆ ಪಕ್ಕಪಕ್ಕದಲ್ಲಿ ಇಟ್ಟುಬಿಟ್ಟಿತು. ಹತ್ತರ ಪಕ್ಕ ಐದು, ನೂರಾ ಐದು ಚೀಲ! ಮಿಲ್ಲಿನ ಮುಂದೆ ನಿಂತ ಟೆಂಪೋದವನು ಫೋನು ಮಾಡಿ, “ಇಷ್ಟೆಲ್ಲಾ ನನ್ ಗಾಡ್ಯಾಗ ಹಿಡಿಸ್ಬೇಕಂದ್ರ ನಾ ಕೆಳಗಿಳಿದು ನೂಕ್ಬೇಕಾಗ್ತದರೀ” ಎಂದನಂತೆ.

ಅವರ ಆಫೀಸಿನ ಸಾಹೇಬರು ತಂಪು ಮನುಷ್ಯರು. “ಮ್ಯಾಡಮ್, ಸದ್ಯಕ್ಕ ಎನಿ ಹಾಕಿಬಿಡ್ರಿ. ಚಲ್ತಾ, ನಡೀತದ” ಎಂದರು. ಈ ‘ಎನಿ’ ಎಂಬುದೂ ಒಂದು ಟೈಪೇ. ಏನು ಬಂದರೂ ಒಳಗೆ ಬಿಡು, ಕೇಳಬೇಡ ಎಂದು ಅದರ ಅರ್ಥ. ಹಾಕಿದರೆ ಕೆಂಪು ಗೆರೆ ಮಾಯ, ತಪ್ಪು ಮಾತ್ರ ಇದ್ದಲ್ಲೇ ಇರುತ್ತದೆ.

“ಚಲ್ತಾ ಅಂತ ಬಿಟ್ಟಿದ್ದಕ್ಕೇ ಟೆಂಪೋ ನೂಕೋ ಪಾಳಿ ಬಂದದ್ರಿ, ಸಾಹೇಬ್ರ!” ಎಂದರಂತೆ ವೈನಿ.

ಅಲ್ಲಿಗೆ ನಿಂತಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಜಗಳ ಮನೆಗೂ ಬಂತು. ಮಹಾಗಾಂವದಿಂದ ನಮ್ಮ ಸೋದರಮಾವ ಬಿಸಿಲಲ್ಲಿ ಬಂದು ಕೂತರು.

“ಚಾ ಕುಡೀತೀರೋ, ಮಜ್ಜಿಗಿನೋ, ಮಾಮಾ?”

“ಏನಾದ್ರೂ ನಡೀತದವಾ.”

“ಹಂಗಲ್ರೀ. ಒಂದು ಹೇಳ್ರಿ.”

“ನೀ ಏನ್ ಕೊಟ್ರೂ ಕುಡೀತೀನಿ, ತಾಯಿ.”

ವೈನಿ ಒಳಗೆ ಹೋಗಿ ಬೇವಿನ ಎಲೆಯ ಕಷಾಯ ಮಾಡಿ ತಂದಿಟ್ಟರು. ಮಾವ ಮಾತಿಗೆ ತಪ್ಪದ ಮನುಷ್ಯರು, ಪೂರ್ತಿ ಕುಡಿದರು! ಈಗ ಅವರು ಬಂದರೆ ಗೇಟು ತೆಗೆಯುವ ಮೊದಲೇ ಬೀದಿಯಿಂದ ಕೂಗುತ್ತಾರೆ, “ಮಜ್ಜಿಗಿ! ಉಪ್ಪು ಹಾಕಿ!”

ಸರ್ಕಾರಿ ಕಚೇರಿಯಲ್ಲಿ ‘ನೋಡೋಣ’ ಎಂಬ ಒಂದೇ ಮಾತಿನ ಮೇಲೆ ಇಷ್ಟು ವರ್ಷ ಉಂಡ ನನಗೆ ಇದೆಲ್ಲ ಅತಿಯೆನಿಸಿತ್ತು. ನಮ್ಮ ಮನೆಯಲ್ಲಿ ಈ ಕಾಟದಿಂದ ಪಾರಾದವಳು ಅವ್ವ ಒಬ್ಬಳೇ. ಅತ್ತೆಯನ್ನು ಗದರಿಸುವುದು ಹೇಗೆ? ಊಟಕ್ಕೆ ಏನು, ಸೀರೆ ಯಾವ ಬಣ್ಣ, ಫ್ಯಾನು ಜೋರೋ ಸಣ್ಣದೋ, ಎಲ್ಲಕ್ಕೂ ಅವ್ವನದು ಒಂದೇ ಉತ್ತರ, “ಏನಾದ್ರೂ ನಡೀತದಪಾ.” ಇಂಥವರನ್ನು ನಾವು ದೊಡ್ಡ ಮನಸ್ಸಿನವರು ಎಂದು ಹೊಗಳುತ್ತೇವೆ. ಅವರಿಗೇನು ಬೇಕೆಂದು ಕೇಳುವ ಕೆಲಸ ತಪ್ಪಿತಲ್ಲ ಎಂಬ ಸಮಾಧಾನವೂ ಆ ಹೊಗಳಿಕೆಯಲ್ಲಿ ಇರುತ್ತದೆ.

ಕಮಲಾಪುರದಲ್ಲಿ ಅವ್ವನಿಗೆ ತವರಿನಿಂದ ಬಂದ ಒಂದು ತುಂಡು ತೋಟವಿದೆ, ಕೆಂಪು ಬಾಳೆಯದು. ನೋಡಿಕೊಳ್ಳುವವರು ಯಾರು ಎಂದು ನಾನೂ ಅಣ್ಣನೂ ಅದನ್ನು ಮಾರಲು ಹೊರಟೆವು. ಕೊಳ್ಳುವವರು ಬಂದು ಪಡಸಾಲೆಯಲ್ಲಿ ಕೂತಿದ್ದರು.

“ಅವ್ವಾ, ತ್ವಾಟ ಕೊಟ್ಟುಬಿಡೋಣೇನು?” ಎಂದ ಅಣ್ಣ.

“ನೀವು ಏನ್ ಮಾಡಿದ್ರೂ ನಡೀತದಪಾ.”

ಮುಗಿಯಿತಲ್ಲ! ನಾನು ಕೈ ಕುಲುಕಲು ಎದ್ದೆ. ಅಷ್ಟರಲ್ಲಿ ವೈನಿ ಲ್ಯಾಪ್‌ಟಾಪು ಮುಚ್ಚಿ ಎದ್ದು ಬಂದರು.

“ಅತ್ತಿ, ಇದು ಮಾತ್ರ ನಡ್ಯಂಗಿಲ್ರಿ. ಮಾರ್ಬೇಕೋ ಬ್ಯಾಡೋ, ಒಂದು ಹೇಳ್ರಿ.”

“ಇದೇನ್ ನಿನ್ನ ಕಂಪ್ಯೂಟರೇನು?” ಅಣ್ಣ ರೇಗಿದ.

“ಕಂಪ್ಯೂಟರ್ದಾಗ ತಪ್ಪಿದ್ರ ತಿದ್ದಬಹುದು. ಮಾರಿದ ಮ್ಯಾಲ ತ್ವಾಟ ಎಲ್ಲಿಂದ ತರ್ತೀರಿ?”

ವೈನಿ ಅವ್ವನ ಪಕ್ಕದಲ್ಲಿ ಕೂತರು. ಉತ್ತರ ಬರಲಿ ಎಂದು ಕಾದರು. ಅವ್ವ ಸೆರಗಿನ ತುದಿ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಬಂದವರು ಗಡಿಯಾರ ನೋಡಿಕೊಂಡರು. ನನಗೋ ಮೈಯೆಲ್ಲ ಮುಜುಗರ.

“ಮಾರಬ್ಯಾಡ್ರಿ” ಎಂದಳು ಅವ್ವ, ನೆಲ ನೋಡುತ್ತ. “ಅದೊಂದು ನಂದು ಅಂತ ಇರ್ಲಿ.”

ಅವ್ವನ ಬಾಯಲ್ಲಿ ‘ನಂದು’ ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಣ್ಣ ಬಂದವರಿಗೆ ಕೈ ಮುಗಿದು ಗೇಟಿನವರೆಗೆ ಬಿಟ್ಟುಬಂದ.

ಮುಂದಿನ ಭಾನುವಾರ ನಾಲ್ವರೂ ಕಮಲಾಪುರಕ್ಕೆ ಹೋದೆವು. ಅವ್ವ ಗಿಡಗಳ ನಡುವೆ ನಮಗಿಂತ ಮುಂದೆ ಮುಂದೆ ನಡೆದಳು. ಗುಡಿಸಲಲ್ಲಿ ಹಣ್ಣಾಗಲು ಇಟ್ಟಿದ್ದ ಗೊನೆಯಿಂದ ಒಂದು ಕೆಂಪು ಹಣ್ಣು ಮುರಿದುಕೊಂಡು ವೈನಿಯ ಎದುರು ನಿಂತಳು.

“ನಂದಂತ ಇದ್ದದ್ದು ನೀ ಉಳಿಸಿಕೊಟ್ಟಿ. ನಿನಗೇನ್ ಬೇಕವಾ?”

“ನನಗೇನ್ರೀ ಅತ್ತಿ, ಏನಾದ್ರೂ ನಡೀ...” ಎಂದ ವೈನಿ ಅಲ್ಲೇ ನಿಂತುಬಿಟ್ಟರು.

ನಾನು ಅಣ್ಣನ ಮುಖ ನೋಡಿದೆ, ಅಣ್ಣ ನನ್ನ ಮುಖ ನೋಡಿದ. ಅವ್ವ ಚಾಚಿದ್ದ ಹಣ್ಣನ್ನು ಹಿಂದಕ್ಕೆಳೆದುಕೊಂಡಳು.

“ಹಂಗಂದ್ರ ನಡ್ಯಂಗಿಲ್ಲ. ಒಂದು ಹೇಳು.”

ವೈನಿ ನಕ್ಕರು. ನಗುತ್ತ ನಗುತ್ತಲೇ ಅವರ ಕಣ್ಣು ತುಂಬಿತು. ಮನೆಗೆ ಬಂದವರನ್ನೆಲ್ಲ ಕೇಳಿ ಕೇಳಿ ಕಾಡಿದ ಅವರನ್ನು ನಮ್ಮಲ್ಲಿ ಒಬ್ಬರೂ ತಿರುಗಿ ಕೇಳಿರಲಿಲ್ಲ. ನಾವು ಮೂವರೂ ಕಾದೆವು.

“ಇಲ್ಲೇ ಒಂದ್ ತಾಸು ಸುಮ್ನ ಕೂಡ್ಬೇಕ್ರೀ ಅತ್ತಿ. ಯಾರೂ ಕರೀಬಾರ್ದು.”

ಅವ್ವ ಹಣ್ಣನ್ನು ಅವರ ಕೈಗಿಟ್ಟು, ಒಣಗಿದ ಬಾಳೆಲೆ ಹಾಸಿ, “ಕೂಡು” ಎಂದಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, “ಹೋಗ್ರಿ ಅತ್ಲಾಗ” ಎಂದಳು. ನಾವು ಹೋದೆವು.