ಉಸಿರಾಟದ ನಡುವೆ ಉಪ್ಪಿನ ಮಡಕೆ

ಉಸಿರಾಡುವುದನ್ನೂ ಇನ್ನೊಬ್ಬರಿಂದ ಹೇಳಿಸಿಕೊಳ್ಳಬೇಕಾದ ಕಾಲ ನನಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಬರೆಯುವುದನ್ನು ಕಲಿಯಲು ಮೇಷ್ಟ್ರ ಕೈಯಲ್ಲಿ ಏಟು ತಿಂದಿದ್ದೇನೆ, ಸೈಕಲ್ಲು ಕಲಿಯಲು ಮಂಡಿ ತರಚಿಕೊಂಡಿದ್ದೇನೆ. ಯಾರಿಗೂ ದಕ್ಷಿಣೆ ಕೊಡದೆ ಬಂದ ವಿದ್ಯೆ ನನ್ನ ಪಾಲಿಗೆ ಉಸಿರಾಟವೊಂದೇ. ಅದನ್ನೂ ನೀವು ತಪ್ಪಾಗಿ ಮಾಡುತ್ತಿದ್ದೀರಿ ಎಂದು ಚಾಮರಾಜನಗರದ ಡಾಕ್ಟರು ಹೇಳಿದಾಗ, ಹೆದರಿಕೆಗಿಂತ ಮೊದಲು ನನಗಾದದ್ದು ಅವಮಾನ. ಅರ್ಧ ಆಯುಸ್ಸು ಕಳೆದ ಮೇಲೆ ಅ ಆ ಇ ಈ ಇಂದ ಶುರುಮಾಡು ಅಂದ ಹಾಗಿತ್ತು.

ನನ್ನ ಉದ್ಯೋಗ ದಾಕು ಹಾಕುವುದು. ಗುಂಡ್ಲುಪೇಟೆಯಲ್ಲಿ ಮನೆ. ಬೆಳಿಗ್ಗೆ ಸೈಕಲ್ಲು ಹತ್ತಿ ಹಂಗಳ, ಭೀಮನಬೀಡು ಎಂದು ಊರೂರು ತಿರುಗಿ, ಸಿಡುಬು ಬಾರದಿರಲೆಂದು ಜನರ ತೋಳು ಗೀರಿ ಔಷಧಿ ಹಚ್ಚಬೇಕು. ಇಂಥ ಪುಣ್ಯದ ಕೆಲಸ ಮಾಡುವವನನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೆಲವರಿಗೆ ಮಾರಮ್ಮನ ಭಯ, ಉಳಿದವರಿಗೆ ನನ್ನ ಸೂಜಿಯ ಭಯ. ಹಂಗಳದಲ್ಲೊಬ್ಬ ಗರಡಿಯ ಆಳು, ರಾಗಿ ಮೂಟೆಯನ್ನು ದಿಂಬಿನ ಹಾಗೆ ಎತ್ತುವವನು, ನಾನು ಬಂದೆನೆಂದು ತಿಳಿದು ಅಟ್ಟ ಹತ್ತಿ ಹುರುಳಿ ಮೂಟೆಗಳ ಹಿಂದೆ ಅಡಗಿ ಕೂತ. ಸರ್ಕಾರಿ ಕೆಲಸ ಬಿಡುವ ಹಾಗಿಲ್ಲವಲ್ಲ, ನಾನು ಏಣಿ ಹತ್ತಿದೆ. ನಾನು ಹತ್ತುವುದನ್ನು ಕಂಡು ತಪ್ಪಿಸಿಕೊಳ್ಳಲು ಅವನು ಅದೇ ಏಣಿಯಲ್ಲಿ ಇಳಿಯತೊಡಗಿದ. ಮೊದಲು ನಾನು ಬಿದ್ದೆ, ನನ್ನ ಮೇಲೆ ಅವನು ಬಿದ್ದ. ಎದ್ದು ನನ್ನ ಸ್ಥಿತಿ ನೋಡಿ ಮರುಕಪಟ್ಟು, "ಆಕ್ಬುಡಿ ಬುದ್ದಿ" ಎಂದು ತಾನೇ ತೋಳು ಚಾಚಿದ. ಅವನ ತೋಳಿನ ಗಾಯ ಬೇಗ ಒಣಗಿತು. ನನ್ನ ನಡುವಿನ ನೋವು ಮಾತ್ರ ವರ್ಷಗಳಾದರೂ ಹೋಗಲಿಲ್ಲ.

ನೋವಿನ ವಿಷಯದಲ್ಲಿ ನಗೆಯಾಡುವುದು ನೋವಿಲ್ಲದ ದಿನ ಸುಲಭ. ಅಂಥ ದಿನಗಳು ಕಡಿಮೆಯಾಗುತ್ತ ಬಂದವು. ಲಕ್ಕಿ ಸೊಪ್ಪಿನ ಶಾಖ ಆಯಿತು, ಕೇರಳದ ಕಡೆಯವರು ಕೊಟ್ಟ ಎಣ್ಣೆ ಆಯಿತು. ಎಣ್ಣೆಯಿಂದ ಹಾಸಿಗೆ ಹಾಳಾಯಿತೇ ಹೊರತು ನಡು ನೆಟ್ಟಗಾಗಲಿಲ್ಲ. ಕೂತರೆ ಏಳುವ ಚಿಂತೆ, ಎದ್ದರೆ ಕೂರುವ ಚಿಂತೆ. ಆಮೇಲೆ ಎದೆ ಹೊಡೆದುಕೊಳ್ಳತೊಡಗಿತು. ಸುಮ್ಮನೆ ಜಗಲಿಯ ಮೇಲೆ ಕೂತಿದ್ದರೂ ಭೀಮನಬೀಡಿನ ತನಕ ಸೈಕಲ್ಲು ತುಳಿದು ಬಂದವನ ಹಾಗೆ ಡವಡವ ಎನ್ನುತ್ತಿತ್ತು. ನನ್ನ ಕಥೆ ಮುಗಿಯಿತೆಂದುಕೊಂಡು ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ.

ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹೃದಯಕ್ಕೆ ರೋಗವಿಲ್ಲ ಎಂದರು. ನೋವು ಬಂದೀತೆಂದು ಇಡೀ ದಿನ ಉಸಿರು ಬಿಗಿಹಿಡಿದು ಕಾಯುತ್ತೀರಿ, ಏನೋ ಅಪಾಯ ಬಂದಿದೆ ಎಂದುಕೊಂಡು ಹೃದಯ ಪಾಪ ಓಡುತ್ತದೆ ಎಂದರು. ಹೊಟ್ಟೆಯ ಮೇಲೆ ಕೈ ಇಡಿಸಿ, ನಿಧಾನ ಒಳಗೆಳೆದು, ಅದಕ್ಕಿಂತ ನಿಧಾನ ಹೊರಬಿಟ್ಟು, ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಎಳೆಯಲು ಹೇಳಿದರು. ನನ್ನ ಬೆರಳನ್ನು ನನ್ನದೇ ನಾಡಿಯ ಮೇಲಿಡಿಸಿದರು. ಉಸಿರು ಹೊರಗೆ ಹೋಗುತ್ತಿದ್ದಂತೆ ನಾಡಿಯ ಬಡಿತ ನಿಜವಾಗಿಯೂ ಸಾವಕಾಶವಾಯಿತು. ನನ್ನ ಮಾತು ಕೇಳುವ ಜೀವವೊಂದು ನನ್ನೊಳಗೇ ಇದೆಯೆಂದು ತಿಳಿದು ಕಣ್ಣು ಒದ್ದೆಯಾಯಿತು. ನೋವು ಪೂರ್ತಿ ಹೋಗುತ್ತದೆಂದು ಅವರು ಹೇಳಲಿಲ್ಲ, ಹೊರುವುದು ಹಗುರವಾದೀತು ಎಂದರಷ್ಟೆ. ಬಸ್ಸಿನಲ್ಲಿ ಬರುವಾಗ ಒಂದು ವಿಷಯ ಹೊಳೆದು ನಗು ಬಂತು. ಊರೂರಿನ ಮಕ್ಕಳಿಗೆಲ್ಲ ತೋಳು ಗೀರುವಾಗ ನಾನು ಹೇಳಿಕೊಂಡು ಬಂದದ್ದು ಒಂದೇ ಮಾತು: "ಉಸಿರು ಬಿಗಿಹಿಡಿ, ನೋವೇ ಆಗಲ್ಲ."

ಮಾರನೆಯ ಬೆಳಿಗ್ಗೆಯಿಂದ ನಡುಮನೆಯ ಗೋಡೆಗೊರಗಿ ಅಭ್ಯಾಸ ಶುರುಮಾಡಿದೆ. ನನ್ನ ಹೆಂಡತಿ ಚಿಕ್ಕತಾಯಮ್ಮ ಹರವೆಯ ಹೆಣ್ಣು, ಮಾತು ಕಡಿಮೆ. ಅಂಥವಳು ನಾನು ಉದ್ದಕ್ಕೆ ಉಸಿರು ಬಿಟ್ಟು ಸುಮ್ಮನಾಗುವ ಹೊತ್ತಿಗೆ ಸರಿಯಾಗಿ ಅಡಿಗೆಮನೆಯಿಂದ ಏನಾದರೂ ಕೇಳುತ್ತಿದ್ದಳು. ಒಂದು ದಿನ ಸೌದೆ ಒಣಗಿದೆಯಾ ಎಂದು. ಇನ್ನೊಂದು ದಿನ ಎಮ್ಮೆಗೆ ನೀರು ತೋರಿಸಿದಿರಾ ಎಂದು. ಕೇಳಲು ಏನೂ ಸಿಗದ ದಿನ ಉಪ್ಪಿನ ಮಡಕೆ ಎಲ್ಲಿ ಎಂದು. ಆ ಮಡಕೆ ಅವಳು ಮದುವೆಯಾಗಿ ಬಂದಾಗಿನಿಂದ ಒಲೆಯ ಪಕ್ಕದ ಮೂಲೆ ಬಿಟ್ಟು ಕದಲಿಲ್ಲ, ನಾನು ಅದನ್ನು ಮುಟ್ಟಿದವನೂ ಅಲ್ಲ. ನಾನು ಉತ್ತರ ಕೊಡಬೇಕು, ಉಸಿರು ತಪ್ಪಬೇಕು, ಎದೆ ಮತ್ತೆ ಓಡಬೇಕು. ಕೊನೆಗೊಂದು ದಿನ ರೇಗಿದೆ. ನಾನು ನೆಮ್ಮದಿಯಾಗಿ ಬದುಕುವುದು ನಿನಗೆ ಬೇಡವೇ ಎಂದುಬಿಟ್ಟೆ.

ಅವಳು ಕೈಯೊರೆಸಿಕೊಂಡು ಬಂದು ಹೊಸ್ತಿಲ ಹತ್ತಿರ ಕೂತಳು. "ನಮ್ಮಪ್ಪ ಕೊನೆಗೆ ಇಂಗೇ ಉಸುರು ಬುಡ್ತಿತ್ತು," ಎಂದಳು. "ಉದ್ದಕೆ ಬುಡದು, ಸುಮ್ಕಾಗದು, ಆಮೇಲೆ ಎಳ್ಕಳದು. ನಾನೇ ಪಕ್ದಲ್ಲಿದ್ದೆ. ಒಂದ್ಸಲ ಬುಟ್ಟಿದ್ದು ಮತ್ತೆ ಎಳ್ಕಳ್ನೇ ಇಲ್ಲ. ನೀವು ಸುಮ್ಕಾದಾಗ ನಂಗೆ ತಡಿಯಕ್ಕಾಗಲ್ಲ ಕಣಿ. ಅದ್ಕೇ ಒಂದು ಮಾತ ಆಡ್ಸಿ ನೋಡ್ತೀನಿ."

ನನ್ನ ಎದೆ ನಿಧಾನವಾಗಲೆಂದು ನಾನು ಇಲ್ಲಿ ಕೂತಷ್ಟು ಹೊತ್ತೂ ಗೋಡೆಯ ಆಚೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಪಕ್ಕಕ್ಕೆ ಕರೆದು ಅವಳ ಬೆರಳನ್ನು ನನ್ನ ನಾಡಿಯ ಮೇಲಿಟ್ಟೆ. ಉಸಿರು ಬಿಟ್ಟು ಸುಮ್ಮನಾದಾಗಲೂ ಅದು ಬಡಿಯುತ್ತಿರುವುದನ್ನು ಅವಳು ಮುಟ್ಟಿ ನೋಡಿದಳು. ನಂಬಿಕೆ ಬರಲಿಲ್ಲವೇನೋ, ಇನ್ನೊಂದು ಸಲ ಬಿಡಿ ಎಂದಳು. ಅಂದಿನಿಂದ ದಿನವೂ ಒಲೆಗೆ ಎಸರಿಟ್ಟು ಬಂದು, ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರುವುದು ರೂಢಿಯಾಯಿತು. ಉಪ್ಪಿನ ಮಡಕೆ ಮತ್ತೆ ಕಳೆದುಹೋಗಲಿಲ್ಲ. ನೋವು ಇದ್ದೇ ಇತ್ತು, ಆದರೆ ಅದರ ಪಕ್ಕದಲ್ಲಿ ಕೂರುವುದು ನನಗೂ ಅಭ್ಯಾಸವಾಗುತ್ತಿತ್ತು.

ಹೀಗೇ ಒಂದು ಬೆಳಿಗ್ಗೆ ನೋಡುತ್ತೇನೆ, ಚಿಕ್ಕತಾಯಮ್ಮನೂ ಗೋಡೆಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದಾಳೆ. ನನ್ನ ಜೊತೆ ಕೂತು ಕೂತು ಅವಳಿಗೂ ಆ ಉಸಿರು ಬಂದುಬಿಟ್ಟಿತ್ತು. ನನಗಿಂತ ಚೆನ್ನಾಗಿ ಬಂದಿತ್ತು. ಉದ್ದಕ್ಕೆ ಬಿಟ್ಟಳು. ಸುಮ್ಮನಾದಳು. ನಾನು ಕಾದೆ. ಸೆರಗು ಅಲುಗಲಿಲ್ಲ. ಇದು ಅಭ್ಯಾಸ, ಇದರಿಂದ ಹೃದಯಕ್ಕೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ಸೆರಗು ಇನ್ನೂ ಅಲುಗಲಿಲ್ಲ.

"ಚಿಕ್ಕತಾಯಿ," ಎಂದೆ, "ಉಪ್ಪಿನ ಮಡಕೆ ಎಲ್ಲಿದೆ?"

ಅವಳು ಕಣ್ಣು ಬಿಡಲಿಲ್ಲ. "ಅಲ್ಲೇ ಅದೆ," ಎಂದಳು. "ನಿಮ್ದು ಯಾಕಿಂಗೆ ಓಡ್ತಾ ಅದೆ? ಉಸುರು ಬುಡಿ."

ಅವಳ ಬೆರಳು ನನ್ನ ನಾಡಿಯ ಮೇಲೇ ಇದೆಯೆಂಬುದು ನನಗೆ ಮರೆತೇಹೋಗಿತ್ತು.